ದಿನಕ್ಕೆ ಐನೂರು ರೂಪಾಯಿ ಏರಬೇಕಾದ ಮನೆ

ಚಂದಾಪುರದಲ್ಲಿರುವ ನಮ್ಮ ಫ್ಲ್ಯಾಟಿನ ಬೆಲೆ ದಿನಕ್ಕೆ ₹500ರಂತೆ ಏರುತ್ತಿದ್ದರೆ ಮಾತ್ರ ಅದನ್ನು ಇಟ್ಟುಕೊಂಡಿದ್ದಕ್ಕೆ ನಮಗೆ ನಷ್ಟವಿಲ್ಲ. ಲಾಭದ ಮಾತು ಅದರಾಚೆಗೆ. ಕೊಂಡ ದಿನದಿಂದ ಒಂಬತ್ತು ವರ್ಷ ತುಂಬುವವರೆಗೆ, ಅಂದರೆ 3,287 ದಿನಗಳಲ್ಲಿ, ಅದು ಏರಿದ್ದು ದಿನಕ್ಕೆ ಸರಾಸರಿ ₹304. ಈ ಎರಡು ಸಂಖ್ಯೆಗಳ ನಡುವಿನ ₹196 ನಮ್ಮ ಮನೆಯಲ್ಲಿ 2025ರ ದಸರಾ ರಜೆಯನ್ನು ಪೂರ್ತಿ ನುಂಗಿತು.

ಮೈಸೂರು, ಮಂಡ್ಯ, ಹಾಸನ, ತುಮಕೂರು ಎಲ್ಲೇ ಹೋದರೂ ನನ್ನಂಥ ಸಂಬಳದಾರರು ಸಿಗುತ್ತಾರೆ: ವಾಸಕ್ಕೆ ಊರಲ್ಲೊಂದು ಮನೆ, ‘ಬಾಡಿಗೆ ಬರುತ್ತದೆ’ ಎಂದು ಬೆಂಗಳೂರಿನ ಅಂಚಿನಲ್ಲೊಂದು ಎರಡು ಬೆಡ್‌ರೂಮಿನ ಫ್ಲ್ಯಾಟು. ಮಾರೋಣವೇ, ಇಟ್ಟುಕೊಳ್ಳೋಣವೇ ಎಂಬ ಪ್ರಶ್ನೆಗೆ ಅಲ್ಲೆಲ್ಲ ಉತ್ತರ ಕೊಡುವುದು ಮನಸ್ಸು. ಲೆಕ್ಕದ ಪುಸ್ತಕ ಬೀರುವಿನಲ್ಲೇ ಇರುತ್ತದೆ. ನಾನು ನಮ್ಮದನ್ನು ಹೊರಗೆ ತೆಗೆದು ಇಲ್ಲಿ ಬಿಚ್ಚಿಡುತ್ತಿದ್ದೇನೆ. ಅಂಕಿಗಳು ನಮ್ಮ ಮನೆಯವು, ಬ್ಯಾಂಕಿನ ಸ್ಟೇಟ್‌ಮೆಂಟು ಮತ್ತು ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಿಂದ ಎತ್ತಿದವು. ನಿಮ್ಮ ಅಂಕಿಗಳು ಬೇರೆ ಇರುತ್ತವೆ, ಕೂಡಿ ಕಳೆಯುವ ದಾರಿ ಬಹುಮಟ್ಟಿಗೆ ಇದೇ.

ಕೊಂಡದ್ದು

2016ರ ಸೆಪ್ಟೆಂಬರ್‌ನಲ್ಲಿ ಕ್ರಯಪತ್ರ ಆಯಿತು. ಪಾರ್ಕಿಂಗ್, ತೆರಿಗೆ ಎಲ್ಲ ಸೇರಿ ₹36,00,000. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು-ಸರ್ಚಾರ್ಜು, ನೋಂದಣಿ ಶುಲ್ಕ ಶೇ 1, ಒಟ್ಟು ಶೇ 6.6, ಅಂದರೆ ₹2,37,600. ಬಾಡಿಗೆಗೆ ಬಿಡುವ ಮೊದಲು ಅಡುಗೆಮನೆಯ ಮರಗೆಲಸ, ಕಿಟಕಿಗೆ ಗ್ರಿಲ್, ಫ್ಯಾನು, ಗೀಸರ್ ಎಂದು ₹2,10,000. ವಕೀಲರು, ಬೆಸ್ಕಾಂ ಮತ್ತು ನೀರಿನ ಠೇವಣಿ ₹52,400. ಒಟ್ಟು ಸರಿಯಾಗಿ ₹41,00,000. ಇದರಲ್ಲಿ ಬ್ಯಾಂಕಿನ ಸಾಲ ₹28,00,000, ನಮ್ಮ ಕೈಯದು ₹13,00,000. ಶೇ 9.5ರ ಬಡ್ಡಿ, 20 ವರ್ಷ, ಕಂತು ₹26,100.

ಬ್ರೋಷರಿನಲ್ಲಿದ್ದ ‘1,080 ಚದರಡಿ’ ನಮ್ಮನ್ನು ಹಿಡಿದಿತ್ತು. ಒಳಗೆ ಚಾಪೆ ಹಾಸಲು ಸಿಗುವ ಜಾಗ 742 ಚದರಡಿ. ಆದರೆ ಬಾಡಿಗೆ ಕೇಳಿ ಬರುವವರು ಚದರಡಿ ಕೇಳುವುದಿಲ್ಲ, ಎಷ್ಟು ರೂಮು, ನೀರು ಹೇಗೆ, ಬಸ್ಸು ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾರೆ. ನಾವು ಚದರಡಿಗೆ ದುಡ್ಡು ಕೊಟ್ಟೆವು, ಅವರು ರೂಮಿಗೆ ದುಡ್ಡು ಕೊಟ್ಟರು. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ಎಲೆಕ್ಟ್ರಾನಿಕ್ ಸಿಟಿ ಹತ್ತಿರವಿದೆ, ಬೊಮ್ಮಸಂದ್ರದ ಕಾರ್ಖಾನೆಗಳು ಹತ್ತಿರವಿವೆ, ಬಾಡಿಗೆದಾರರು ಸಾಲುಗಟ್ಟುತ್ತಾರೆ ಎಂದು ಲೆಕ್ಕ ಹಾಕಿದ್ದೆವು. ಅದೇ ಲೆಕ್ಕ ಹಾಕಿ ಅದೇ ಅಳತೆಯ ಮನೆಗಳನ್ನು ಸುತ್ತಮುತ್ತ ಎಷ್ಟು ಜನ ಕೊಳ್ಳುತ್ತಿದ್ದಾರೆ ಎಂದು ನೋಡಲಿಲ್ಲ. ನಮ್ಮ ಬ್ಲಾಕಿನ ಗೇಟಿನಲ್ಲಿ ‘ಮನೆ ಬಾಡಿಗೆಗಿದೆ’ ಎಂಬ ಬೋರ್ಡು ಒಂದು ದಿನವೂ ಕೆಳಗಿಳಿದದ್ದನ್ನು ನಾನು ಕಂಡಿಲ್ಲ. ಐದು ಮನೆ ಖಾಲಿ ಇರುವ ಕಡೆ ಆರನೆಯ ಮನೆಯವನು ಬಾಡಿಗೆ ಏರಿಸುವುದು ಹೇಗೆ?

ಬಂದದ್ದು, ಹೋದದ್ದು

ಮೊದಲ ಬಾಡಿಗೆ ₹11,000. ಮೂರು ತಿಂಗಳು ಖಾಲಿ ಇದ್ದು ಆಮೇಲೆ ಸಿಕ್ಕಿತು. ಮೂರನೆಯ ವರ್ಷ ₹12,000, ನಾಲ್ಕನೆಯ ವರ್ಷ ₹12,500ಕ್ಕೆ ಹೋಯಿತು. 2020ರ ಲಾಕ್‌ಡೌನಿನಲ್ಲಿ ಐಟಿಯವರು ಊರಿಗೆ ಹೊರಟರು. ನಮ್ಮವರೂ ಹೊರಟರು. ಆ ಎರಡು ವರ್ಷಗಳಲ್ಲಿ ಒಟ್ಟು ಎಂಟು ತಿಂಗಳು ಮನೆಗೆ ಬೀಗ. ಮತ್ತೆ ಬಂದವರು ಕೊಟ್ಟದ್ದು ₹10,000. ಅಲ್ಲಿಂದ ತೆವಳಿಕೊಂಡು 2024-25ಕ್ಕೆ ₹14,500. 108 ತಿಂಗಳಲ್ಲಿ 14 ತಿಂಗಳು ಖಾಲಿ. ಒಂಬತ್ತು ವರ್ಷದಲ್ಲಿ ಬಂದ ಬಾಡಿಗೆ ₹11,28,500.

ಇನ್ನು ಹೋದದ್ದು. ಖಾಲಿ ಇದ್ದ ತಿಂಗಳುಗಳ ಮೇಂಟೆನೆನ್ಸ್ ನಾವೇ ಕಟ್ಟಿದ್ದು ₹30,800. ಲಿಫ್ಟು, ಬೋರ್‌ವೆಲ್ಲು, ಹೊರಗಿನ ಬಣ್ಣ ಎಂದು ಸಂಘದವರು ಆಗಾಗ ಎತ್ತಿದ ವಿಶೇಷ ವಂತಿಗೆ ₹95,000. ಕಂದಾಯ ₹40,500. ಪ್ರತಿ ಹೊಸ ಬಾಡಿಗೆದಾರರಿಗೆ ಬ್ರೋಕರಿಗೆ ಒಂದು ತಿಂಗಳ ಬಾಡಿಗೆಯಂತೆ ಆರು ಸಲ ಕೊಟ್ಟದ್ದು ₹70,000. ಬೆಂಗಳೂರಿನ ವಾಡಿಕೆಯಂತೆ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುಂಗಡದಲ್ಲಿ ಹಿಡಿದ ಮೇಲೂ ನಮ್ಮ ಕೈಯಿಂದ ಬಿದ್ದದ್ದು ₹40,000. ನಲ್ಲಿ, ಗೀಸರ್, ಸೊಳ್ಳೆಪರದೆ, ಸ್ವಿಚ್ಚು ₹60,000. ಮೈಸೂರಿನಿಂದ ವರ್ಷಕ್ಕೆ ಮೂರು ಸಲ ಹೋಗಿ ಬಂದದ್ದು ₹40,500. ಬಾತ್‌ರೂಮು ₹85,000.

ಬಾತ್‌ರೂಮಿನ ಕಥೆಯನ್ನು ಒಂದೇ ಸಾಲಿನಲ್ಲಿ ದಾಟಲು ನನಗೆ ಮನಸ್ಸಿಲ್ಲ, ಬಾಡಿಗೆ ಮನೆ ಇಟ್ಟುಕೊಳ್ಳುವುದೆಂದರೇನು ಎಂದು ನನಗೆ ತಿಳಿದದ್ದು ಅಲ್ಲೇ. 2022ರ ಆಗಸ್ಟ್. ಕೆಳಗಿನ ಮನೆಯ ಹೆಂಗಸು ಫೋನ್ ಮಾಡಿ, “ಸಾರ್, ನಿಮ್ಮ ನೀರು ನಮ್ಮ ತಲೆ ಮೇಲೆ ಬೀಳ್ತಿದೆ” ಎಂದರು. ಬೆಳಗಿನ ಮೊದಲ ಬಸ್ಸು ಹಿಡಿದು, ಸ್ಯಾಟಲೈಟ್ ಸ್ಟ್ಯಾಂಡಿನಲ್ಲಿ ಇಳಿದು, ಅಲ್ಲಿಂದ ಚಂದಾಪುರ ಸೇರುವಾಗ ಹನ್ನೊಂದು ಗಂಟೆ. ಅವರ ಬಾತ್‌ರೂಮಿನ ತಾರಸಿಯಲ್ಲಿ ಊಟದ ತಟ್ಟೆಯಷ್ಟು ಅಗಲದ ಹಳದಿ ಕಲೆ, ನಡುವೆ ಬಣ್ಣ ಉಬ್ಬಿ ಗುಳ್ಳೆಯಾಗಿತ್ತು. ಕೆಳಗೆ ಬಕೆಟ್ಟು. ಗಾರೆಯವರು ನಮ್ಮ ಮನೆಯ ಟೈಲ್ಸ್ ಎಬ್ಬಿಸಿ, ಅಡಿಯ ತಗ್ಗಿನಲ್ಲಿ ತುಂಬಿದ್ದ ಇಟ್ಟಿಗೆ ಚೂರನ್ನು ಕೈಯಲ್ಲಿ ತೆಗೆದರು. ಚೂರೆಲ್ಲ ಒದ್ದೆ. ಪೈಪಿನ ಜಾಯಿಂಟಿಗೆ ಬೆರಳಿಟ್ಟು, “ಕಟ್ಟುವಾಗಲೇ ಸರಿಯಾಗಿ ಕೂಡಿಸಿಲ್ಲ, ಇನ್ನೊಂದು ಬಾತ್‌ರೂಮೂ ಇದೇ ಗತಿ, ಎರಡೂ ಒಟ್ಟಿಗೆ ಮಾಡಿಸಿಬಿಡಿ” ಎಂದರು. ಏಳು ದಿನ ಕೆಲಸ. ನಮ್ಮ ಬಾಡಿಗೆದಾರರು ಎರಡು ಮಕ್ಕಳನ್ನು ಕಟ್ಟಿಕೊಂಡು ನೆಂಟರ ಮನೆಯಲ್ಲಿದ್ದರು. ಆಗ ಬರುತ್ತಿದ್ದ ಬಾಡಿಗೆ ₹10,500. ಎಂಟು ತಿಂಗಳ ಬಾಡಿಗೆ ಒಂದು ವಾರದಲ್ಲಿ ಹೋಯಿತು.

ಒಟ್ಟು ಖರ್ಚು ₹4,61,800. ಬಂದ ಬಾಡಿಗೆಯಲ್ಲಿ ನೂರಕ್ಕೆ 41. ಉಳಿದದ್ದು ₹6,66,700, ವರ್ಷಕ್ಕೆ ₹74,078. ₹41 ಲಕ್ಷ ಹಾಕಿದ ಮೇಲೆ ಇದು ವರ್ಷಕ್ಕೆ ಶೇ 1.8. ‘ಹದಿನಾಲ್ಕೂವರೆ ಸಾವಿರ ಬಾಡಿಗೆ ಬರುತ್ತದೆ’ ಎಂದು ನೆಂಟರಿಗೆ ಹೇಳುತ್ತಿದ್ದ ನಾನು ತಿಂಗಳಿಗೆ ಆರು ಸಾವಿರದ ಚಿಲ್ಲರೆಯ ಮಾಲೀಕನಾಗಿದ್ದೆ.

ಒಂಬತ್ತು ವರ್ಷದಲ್ಲಿ ಕಟ್ಟಿದ ಕಂತು ₹28,18,800. ಬಡ್ಡಿ ಏರಿತು, ಇಳಿಯಿತು, ಸರಾಸರಿ ಶೇ 9 ಬಿತ್ತು. ಆ ಕಂತಿನಲ್ಲಿ ಬಡ್ಡಿಗೇ ಹೋದದ್ದು ₹19,74,800, ಅಸಲಿಗೆ ಸೇರಿದ್ದು ₹8,44,000. ಸಾಲದ ಬಾಕಿ ಇನ್ನೂ ₹19,56,000. ಬಡ್ಡಿ ತೋರಿಸಿ ತೆರಿಗೆಯಲ್ಲಿ ಉಳಿದದ್ದನ್ನೂ ಕಳೆಯಬೇಕು. 2017-18ರಿಂದ ಮನೆಯ ನಷ್ಟವನ್ನು ಸಂಬಳದ ಎದುರು ವರ್ಷಕ್ಕೆ ₹2 ಲಕ್ಷದವರೆಗೆ ಮಾತ್ರ ತೋರಿಸಬಹುದು; ನಮ್ಮದು ಆ ಮಿತಿಯೊಳಗೇ ಇತ್ತು. ಮೊದಲ ಏಳು ವರ್ಷದಲ್ಲಿ ಸುಮಾರು ₹2,19,000 ಉಳಿಯಿತು. ಆಮೇಲೆ ಹೊಸ ತೆರಿಗೆ ಪದ್ಧತಿಗೆ ಹೋದೆವು, ಅಲ್ಲಿ ಬಾಡಿಗೆ ಮನೆಯ ನಷ್ಟವನ್ನು ಸಂಬಳಕ್ಕೆ ವಜಾ ಹಾಕಲು ಬರುವುದಿಲ್ಲ. ‘ಟ್ಯಾಕ್ಸ್ ಉಳಿಯುತ್ತದೆ’ ಎಂಬ ಒಂದೇ ಕಾರಣಕ್ಕೆ ಸಾಲದ ಮನೆ ಇಟ್ಟುಕೊಂಡಿರುವವರು ತಾವು ಯಾವ ಪದ್ಧತಿಯಲ್ಲಿದ್ದೇವೆ ಎಂದು ಒಮ್ಮೆ ತೆರೆದು ನೋಡಬೇಕು.

ಎಲ್ಲ ಕೂಡಿ ಕಳೆದರೆ, ನಮ್ಮ ಜೇಬಿನಿಂದ ಹೋದದ್ದು ₹32,33,100.

ಬೆಲೆ ಎಷ್ಟು?

ನಮ್ಮದೇ ಸಂಕೀರ್ಣದಲ್ಲಿ ಇತ್ತೀಚೆಗೆ ಮಾರಾಟವಾದ ಮನೆಗಳ ದರ ಹಿಡಿದರೆ ಚದರಡಿಗೆ ಸುಮಾರು ₹4,260, ಅಂದರೆ ₹46,00,000. ಕೇಳಿದ ಬೆಲೆಯಲ್ಲ, ಕೈ ಬದಲಾಯಿಸಿದ ಬೆಲೆ. ಜಾಹೀರಾತಿನಲ್ಲಿ ಇದೇ ಮನೆಗಳಿಗೆ ₹55 ಲಕ್ಷ ಎಂದು ಹಾಕಿರುತ್ತಾರೆ. ಆ ಬೆಲೆ ಕೊಟ್ಟು ಕೊಂಡವರನ್ನು ನಾನು ನೋಡಿಲ್ಲ. ಬ್ರೋಕರಿಗೆ ಶೇ 1ರಂತೆ ₹46,000, ಬಣ್ಣ-ಕಾಗದಪತ್ರಕ್ಕೆ ₹34,000, ಸಾಲದ ಬಾಕಿ, ಎಲ್ಲ ಕಳೆದರೆ ಕೈಗೆ ಬರುವುದು ₹25,64,000. ಹೋದದ್ದು 32.33 ಲಕ್ಷ, ಬರುವುದು 25.64 ಲಕ್ಷ. ಇದೇ ಹಣವನ್ನು ಅದೇ ತಿಂಗಳುಗಳಲ್ಲಿ ಶೇ 6.5ರ ಎಫ್‌ಡಿ-ಆರ್‌ಡಿಯಲ್ಲಿ ಹಾಕಿ, ಶೇ 20ರ ತೆರಿಗೆ ಕಟ್ಟಿದ್ದರೂ ಸುಮಾರು ₹45 ಲಕ್ಷ ಇರುತ್ತಿತ್ತು.

ತೆರಿಗೆಯ ಲೆಕ್ಕ ಇನ್ನೊಂದು ಸತ್ಯವನ್ನು ಹೇಳಿತು. 2024ರ ಜುಲೈ 23ರಿಂದ ಈಚೆಗೆ ಮನೆ ಮಾರಿದರೆ ದೀರ್ಘಾವಧಿ ಲಾಭಕ್ಕೆ ಶೇ 12.5 ತೆರಿಗೆ, ಹಣದುಬ್ಬರದ ಹೊಂದಾಣಿಕೆ ಇಲ್ಲ. ಆದರೆ ಆ ದಿನಕ್ಕೆ ಮೊದಲು ಕೊಂಡ ದೇಶವಾಸಿಗಳಿಗೆ ಹಳೆಯ ದಾರಿಯೂ ಉಂಟು: ಹೊಂದಾಣಿಕೆ ಮಾಡಿ ಶೇ 20. ಯಾವುದು ಕಡಿಮೆಯೋ ಅದು. ಮೊದಲ ದಾರಿಯಲ್ಲಿ ನಮ್ಮ ಲಾಭ ₹7,16,400, ಸೆಸ್ಸು ಸೇರಿ ತೆರಿಗೆ ₹93,132. ಎರಡನೆಯದಕ್ಕೆ ಸರ್ಕಾರದ ವೆಚ್ಚ ಸೂಚ್ಯಂಕ ಬೇಕು. 2016-17ರಲ್ಲಿ ಅದು 264, 2025-26ಕ್ಕೆ 376. ಕ್ರಯ ಮತ್ತು ನೋಂದಣಿ ಸೇರಿದ ₹38,37,600ನ್ನು 376ರಿಂದ ಗುಣಿಸಿ 264ರಿಂದ ಭಾಗಿಸಿದರೆ ₹54,65,673. ಮಾರುವ ಬೆಲೆ ಅದಕ್ಕಿಂತ ಕಡಿಮೆ, ಹಾಗಾಗಿ ತೆರಿಗೆ ಸೊನ್ನೆ.

ತೆರಿಗೆ ಇಲ್ಲವೆಂದು ಮೊದಲು ಖುಷಿಯಾಯಿತು. ಆಮೇಲೆ ಆ ಸಾಲನ್ನು ಮತ್ತೆ ಓದಿದೆ. 2016ರ ಮೂವತ್ತೆಂಟು ಲಕ್ಷ ಇಂದಿನ ಐವತ್ತನಾಲ್ಕೂವರೆ ಲಕ್ಷಕ್ಕೆ ಸಮ ಎಂದು ಸರ್ಕಾರದ ಸೂಚ್ಯಂಕವೇ ಹೇಳುತ್ತಿದೆ, ಮನೆ ನಲವತ್ತಾರರಲ್ಲಿ ನಿಂತಿದೆ. ತೆರಿಗೆ ಇಲ್ಲದಿರುವುದೇ ನಷ್ಟದ ದಾಖಲೆ.

ಹಾಕಿದ್ದು ಎಲ್ಲಿದೆ?

ಇಷ್ಟು ಬರೆದಿಟ್ಟುಕೊಂಡ ಮೇಲೂ ನಾನು ಮಾರುವ ಮಾತಿಗೆ ಒಪ್ಪಿರಲಿಲ್ಲ. ನಲವತ್ತಾರಕ್ಕೆ ಮಾರಿದರೆ ಹಾಕಿದ್ದೂ ಬರುವುದಿಲ್ಲ. ಹಾಕಿದ್ದು ಬರುವವರೆಗಾದರೂ ಕಾಯೋಣ ಎಂಬುದು ನನ್ನ ಹಟ. ಆಯುಧಪೂಜೆಯ ಸಂಜೆ ಹೆಂಡತಿ ನೋಟ್‌ಬುಕ್ಕನ್ನು ತನ್ನ ಕಡೆ ತಿರುಗಿಸಿಕೊಂಡು ಕೇಳಿದಳು: “ಹಾಕಿದ್ದು ಬರಬೇಕು ಅಂತೀರಲ್ಲಾರೀ, ಹಾಕಿದ್ದು ಆ ಮನೇಲಿ ಇದೆಯಾ? ಬಡ್ಡಿ ಬ್ಯಾಂಕಿಗೆ ಹೋಯ್ತು, ಬಾತ್‌ರೂಮಿನ ದುಡ್ಡು ಗಾರೆಯವರಿಗೆ ಹೋಯ್ತು. ಅಲ್ಲಿ ಇರೋದು ಇಪ್ಪತ್ತೈದು ಲಕ್ಷ. ಈಗ ಇಪ್ಪತ್ತೈದು ಲಕ್ಷ ಕೈಗೆ ಕೊಟ್ಟು, ಹತ್ತೊಂಬತ್ತೂವರೆ ಸಾಲ ಮಾಡಿ ಇದೇ ಮನೆ ಮತ್ತೆ ತಗೋ ಅಂದ್ರೆ ತಗೋತೀರಾ?”

ನಾನು ತೆಗೆದುಕೊಳ್ಳುವುದಿಲ್ಲ. ಉತ್ತರ ಹೇಳಲು ಒಂದು ಕ್ಷಣವೂ ಬೇಕಾಗಲಿಲ್ಲ ಎಂಬುದು ನನ್ನನ್ನು ಆ ರಾತ್ರಿಯೆಲ್ಲ ಕಾಡಿತು. ಕಾಯುವುದಕ್ಕೂ ಬೆಲೆ ಇದೆ, ಆ ಬೆಲೆ ಎಷ್ಟೆಂದು ನಾನು ಯಾವತ್ತೂ ಬರೆದಿಟ್ಟಿರಲಿಲ್ಲ. ಮರುದಿನ ಹೊಸ ಪುಟ ತೆಗೆದು, 2016ನ್ನು ಅದರೊಳಗೆ ಬಿಟ್ಟುಕೊಳ್ಳದೆ, ಮುಂದಿನ ಒಂದು ವರ್ಷದ ಲೆಕ್ಕ ಮಾತ್ರ ಹಾಕಿದೆ.

ಸಾಲದ ಬಾಕಿ ₹19,56,000. ಈಗಿನ ಬಡ್ಡಿ ಶೇ 8. ವರ್ಷಕ್ಕೆ ₹1,56,480.

ಮನೆಯಲ್ಲಿ ಸಿಕ್ಕಿಕೊಂಡಿರುವ ನಮ್ಮ ಹಣ ₹25,64,000. ಶೇ 6.5ರ ಎಫ್‌ಡಿಯಲ್ಲಿ ಇಟ್ಟರೆ ಹೊಸ ಪದ್ಧತಿಯ ತೆರಿಗೆ ಕಳೆದು ಸುಮಾರು ಶೇ 5.5. ವರ್ಷಕ್ಕೆ ₹1,41,020 ಕಳೆದುಕೊಳ್ಳುತ್ತಿದ್ದೇವೆ.

ಬರುವ ಬಾಡಿಗೆ: ತಿಂಗಳಿಗೆ ₹15,000ದಂತೆ 11 ತಿಂಗಳು ₹1,65,000, ಖರ್ಚು ₹50,000 ಕಳೆದು ₹1,15,000. ಇದರ ಮೇಲೆ ಸದ್ಯಕ್ಕೆ ತೆರಿಗೆ ಬೀಳುವುದಿಲ್ಲ, ಸಾಲದ ಬಡ್ಡಿಯೇ ಅದನ್ನು ತಿಂದುಬಿಡುತ್ತದೆ.

ಮೊದಲ ಎರಡನ್ನು ಕೂಡಿ ಮೂರನೆಯದನ್ನು ಕಳೆದರೆ ₹1,82,500. ಅದನ್ನು 365ರಿಂದ ಭಾಗಿಸಿದೆ. ₹500.

ಪೆನ್ನು ಕೆಳಗಿಟ್ಟೆ. ಕ್ಯಾಲ್ಕ್ಯುಲೇಟರಿನಲ್ಲಿ ಇನ್ನೊಮ್ಮೆ ಮಾಡಿದೆ, ಅದೇ ಬಂತು. ನಾವು ಮೈಸೂರಿನಲ್ಲಿ ಮಲಗಿ ಏಳುವಷ್ಟರಲ್ಲಿ ಚಂದಾಪುರದ ಆ ಮನೆ ₹500 ಹೆಚ್ಚು ಬೆಲೆ ಬಾಳಬೇಕು, ಪ್ರತಿದಿನವೂ, ಭಾನುವಾರವೂ. ವರ್ಷಕ್ಕೆ ಶೇ 4ರ ಹತ್ತಿರ. ಐದು ವರ್ಷಕ್ಕೆ ಬಿಡಿಸಿ ಹಾಕಿದಾಗಲೂ, ಕಂತು ಕಟ್ಟುತ್ತ ಸಾಲ ₹9,96,000ಕ್ಕೆ ಇಳಿಯುವುದನ್ನು ಲೆಕ್ಕಕ್ಕೆ ತೆಗೆದುಕೊಂಡು, 2030ರಲ್ಲಿ ಮನೆ ₹55.6 ಲಕ್ಷವಾದರೂ ಬಾಳಬೇಕು ಎಂದು ಬಂತು. ಬಾಡಿಗೆ ವರ್ಷಕ್ಕೆ ಶೇ 5 ಏರುತ್ತದೆ ಎಂದು ಹಿಡಿದರೆ ಇದು ₹55 ಲಕ್ಷಕ್ಕೆ ಇಳಿಯುತ್ತದೆ, ಅಷ್ಟೇ. ಕಳೆದ ಒಂಬತ್ತು ವರ್ಷದಲ್ಲಿ ಅದು ಏರಿರುವುದು ವರ್ಷಕ್ಕೆ ಶೇ 2.8.

ಶೇ 4 ದೊಡ್ಡದೇನೂ ಅಲ್ಲ, ಬೆಂಗಳೂರಿನಲ್ಲಿ ಅಷ್ಟೂ ಏರುವುದಿಲ್ಲವೇ ಎಂದು ತಮ್ಮ ಕೇಳಿದ. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಕ್ರಯಪತ್ರದ ಒಂದು ಸಾಲಿನಲ್ಲಿತ್ತು: ನೆಲದಲ್ಲಿ ನಮ್ಮ ಅವಿಭಜಿತ ಪಾಲು 410 ಚದರಡಿ. ಏರುವುದು ನೆಲ, ಕಟ್ಟಡ ಹಳೆಯದಾಗುತ್ತ ಇಳಿಯುತ್ತದೆ. ಆಸುಪಾಸಿನಲ್ಲಿ ಸೈಟಿಗೆ ಚದರಡಿಗೆ ₹4,400 ಎನ್ನುತ್ತಿದ್ದಾರೆ. ಹಾಗೆ ನೋಡಿದರೆ ನಮ್ಮ 46 ಲಕ್ಷದಲ್ಲಿ ನೆಲ ಸುಮಾರು ₹18 ಲಕ್ಷ, ಕಟ್ಟಡ ₹28 ಲಕ್ಷ. ಕಟ್ಟಡ ವರ್ಷಕ್ಕೆ ಬರೀ ಶೇ 2ರಂತೆ ಸವೆದರೂ ಐದು ವರ್ಷಕ್ಕೆ ₹25.3 ಲಕ್ಷ. ಒಟ್ಟು ₹55.6 ಲಕ್ಷ ಆಗಬೇಕಾದರೆ ನೆಲದ ಪಾಲು ₹30.3 ಲಕ್ಷಕ್ಕೆ ಹೋಗಬೇಕು, ಅಂದರೆ ವರ್ಷಕ್ಕೆ ಶೇ 11ರಂತೆ, ಐದು ವರ್ಷ ಬಿಡದೆ. ಫ್ಲ್ಯಾಟಿಗೂ ಸೈಟಿಗೂ ಒಂದೇ ಬಾಯಲ್ಲಿ ‘ಪ್ರಾಪರ್ಟಿ’ ಎನ್ನುತ್ತೇವೆ. ಸೈಟಿನವನಿಗೆ ನೆಲವೇ ಎಲ್ಲ, ನಮಗೆ ನೂರಕ್ಕೆ 39 ಭಾಗ.

ಬೇರೆ ದಾರಿಗಳು

ಮೆಟ್ರೋ ಬಂದರೆ ಎಲ್ಲ ಸರಿಹೋಗುತ್ತದೆ ಎಂದು ಕಾದವರಲ್ಲಿ ನಾನೂ ಒಬ್ಬ. ಹಳದಿ ಮಾರ್ಗ 2025ರ ಆಗಸ್ಟ್ 10ರಂದು ಉದ್ಘಾಟನೆಯಾಯಿತು, ಆರ್‌.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 19.15 ಕಿಲೋಮೀಟರ್, 16 ನಿಲ್ದಾಣ. ಕೊನೆಯ ನಿಲ್ದಾಣ ಬೊಮ್ಮಸಂದ್ರ. ಚಂದಾಪುರ ಅದರಾಚೆಗೆ, ಆಟೋದ ದೂರ. ನಮ್ಮ ಬಾಡಿಗೆ ₹14,500 ಇದ್ದದ್ದು ₹15,000 ಆಯಿತು. ಉಪನಗರ ರೈಲಿನ ಹೀಲಲಿಗೆ-ರಾಜಾನುಕುಂಟೆ ಮಾರ್ಗ ಬರುವುದಿದೆ, ಬಂದರೆ ಒಳ್ಳೆಯದೇ. ಆದರೆ ಒಂದೊಂದು ವರ್ಷ ಕಾಯುವುದಕ್ಕೂ ನಾವು ಕೊಡಬೇಕಾದದ್ದು ₹1,82,500, ಮತ್ತು ರೈಲು ಬರುವ ಸುದ್ದಿ ಮಾರುವವರಿಗೂ ಕೊಳ್ಳುವವರಿಗೂ ಒಂದೇ ದಿನ ತಿಳಿಯುತ್ತದೆ. ನೀರಿನ ಸುದ್ದಿಯೂ ಹಾಗೆಯೇ. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಕಾವೇರಿ ಐದನೇ ಹಂತ ನಗರದ ಅಂಚಿನ 110 ಹಳ್ಳಿಗಳಿಗೆ; ನಮ್ಮ ಸಂಕೀರ್ಣಕ್ಕೆ ಇನ್ನೂ ಬೋರ್‌ವೆಲ್ಲು, ಅದು ಕೈಕೊಟ್ಟಾಗ ಟ್ಯಾಂಕರು. 2024ರ ಬೇಸಿಗೆಯಲ್ಲಿ ಜಿಲ್ಲಾಡಳಿತ ಟ್ಯಾಂಕರಿಗೆ ದರ ಕಟ್ಟಿತು, 12,000 ಲೀಟರಿಗೆ ಐದು ಕಿಲೋಮೀಟರಿನೊಳಗೆ ₹1,000. ಆ ಬೇಸಿಗೆಯಲ್ಲಿ ಮೇಂಟೆನೆನ್ಸ್ ಏರಿದ್ದು ಮತ್ತೆ ಇಳಿಯಲಿಲ್ಲ, ಈಗ ₹2,600. ಬಾಡಿಗೆದಾರರು ಬಾಡಿಗೆಯನ್ನೂ ಮೇಂಟೆನೆನ್ಸನ್ನೂ ಕೂಡಿಸಿಯೇ ತಮ್ಮ ತಾಕತ್ತು ನೋಡುತ್ತಾರೆ. ಟ್ಯಾಂಕರಿಗೆ ಹೋದದ್ದು ಕೊನೆಗೆ ಮಾಲೀಕನ ಬಾಡಿಗೆಯಿಂದಲೇ ಕಡಿತವಾದ ಹಾಗೆ.

ಭೋಗ್ಯಕ್ಕೆ ಕೊಟ್ಟುಬಿಡಿ, ಬಂದ ಗಂಟನ್ನು ಸಾಲಕ್ಕೆ ಕಟ್ಟಿ ಎಂದು ಬ್ರೋಕರು ಸಲಹೆ ಕೊಟ್ಟರು. ಬಾಡಿಗೆ ಇಲ್ಲ, ಮೂರು ವರ್ಷಕ್ಕೆ ₹9 ಲಕ್ಷ. ಬದಲಾಗುವ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ಬ್ಯಾಂಕು ದಂಡ ಹಾಕುವಂತಿಲ್ಲ, 2012ರಿಂದಲೂ ರಿಸರ್ವ್ ಬ್ಯಾಂಕಿನ ನಿಯಮ ಇದು. ಹಾಗಾಗಿ ಕಟ್ಟಬಹುದು. ಆದರೆ ಉಳಿಯುವ ಬಡ್ಡಿ ವರ್ಷಕ್ಕೆ ₹72,000, ಬಿಟ್ಟುಕೊಡುವ ಬಾಡಿಗೆ ₹1,65,000. ವರ್ಷಕ್ಕೆ ₹93,000 ಕೈಬಿಡುವುದು, ಮೂರು ವರ್ಷದ ಮೇಲೆ ಒಂಬತ್ತು ಲಕ್ಷವನ್ನು ಎಲ್ಲಿಂದಲೋ ಹೊಂದಿಸಿ ವಾಪಸು ಕೊಡುವುದು. ಅಡಮಾನದಲ್ಲಿರುವ ಮನೆಯನ್ನು ಬ್ಯಾಂಕಿಗೆ ತಿಳಿಸದೆ ಭೋಗ್ಯಕ್ಕೆ ಕೊಡುವವರಿದ್ದಾರೆ. ಕಂತು ತಪ್ಪಿದರೆ ಬೀದಿಗೆ ಬೀಳುವುದು ಗಂಟು ಕೊಟ್ಟ ಆ ಬಡ ಸಂಸಾರ. ಅದು ನಮ್ಮಿಂದಾಗದ ಕೆಲಸ.

ಇಟ್ಟುಕೊಳ್ಳುವುದೇ ಸರಿ ಎಂದು ಬರುವ ಲೆಕ್ಕಗಳೂ ಇವೆ. ಇದೇ ಮನೆಯ ಮೇಲೆ ಸಾಲವೇ ಇಲ್ಲದಿದ್ದರೆ, ಬಾಡಿಗೆಗೆ ಆಗ ಬೀಳುವ ತೆರಿಗೆಯನ್ನು ಬದಿಗಿಟ್ಟರೆ, ವರ್ಷಕ್ಕೆ ಶೇ 2.9 ಏರಿದರೆ ಸಾಕಿತ್ತು, ಹೆಚ್ಚೂಕಡಿಮೆ ಹಿಂದಿನ ವೇಗ. ಸಾಲ ₹35 ಲಕ್ಷ ಇದ್ದಿದ್ದರೆ ಶೇ 4.8 ಬೇಕಾಗುತ್ತಿತ್ತು. ಮನೆ ಒಂದೇ, ಬಾಡಿಗೆ ಒಂದೇ. ಸಾಲ ಬದಲಾದರೆ ತೀರ್ಮಾನ ಬದಲಾಗುತ್ತದೆ. ಮಾಲೀಕರು ಅದೇ ಊರಿನವರಾಗಿ, ನಲ್ಲಿ ಕೆಟ್ಟರೆ ಸ್ಕೂಟರಿನಲ್ಲಿ ಹೋಗಿ ನೋಡುವಂತಿದ್ದರೆ ನಮ್ಮ ₹50,000 ಖರ್ಚು ಮೂವತ್ತು ಸಾವಿರಕ್ಕೆ ಇಳಿದೀತು. ಮಗಳಿಗೆ ಮುಂದೆ ಅಲ್ಲೇ ಕೆಲಸ ಸಿಕ್ಕರೆ ಎಂದು ನನ್ನ ತಾಯಿ ಹೇಳಿದರು. ಸಿಕ್ಕರೆ ಅವಳು ₹15,000 ಬಾಡಿಗೆ ಕೊಟ್ಟು ಪಕ್ಕದ ಮನೆಯಲ್ಲೇ ಇರಬಹುದು, ಬೋರ್ಡು ಹೇಗೂ ತೂಗುತ್ತಿರುತ್ತದೆ. ನಾವು ಇಟ್ಟುಕೊಂಡರೆ ಬಾಡಿಗೆ ಬಂದ ಮೇಲೂ ತಿಂಗಳಿಗೆ ₹16,500 ಕಂತಿಗೆ ಕೂಡಿಸಬೇಕು. ಅವಳ ಓದಿಗೆ ಈಗ ಬೇಕಾಗಿರುವ ಹಣ ಅದು.

ಮಾರಿದ್ದು

ಮಾರುವುದೆಂದು ನಿರ್ಧರಿಸಿದ ಮೇಲೆ ಎಲ್ಲರೂ ಹೇಳುವುದು ಒಂದೇ ಮಾತು: ಮೊದಲು ಮನೆ ಖಾಲಿ ಮಾಡಿಸಿ, ಬಣ್ಣ ಹೊಡೆಸಿ, ಒಳ್ಳೆ ಬೆಲೆಗೆ ಕಾಯಿರಿ. ಅದಕ್ಕೂ ಒಂದು ಲೆಕ್ಕ ಹಾಕಿದೆ. ದಿನಕ್ಕೆ ₹500ರಂತೆ ತಿಂಗಳಿಗೆ ₹15,000, ಹೋಗುವ ಬಾಡಿಗೆ ₹15,000, ನಾವೇ ಕಟ್ಟಬೇಕಾದ ಮೇಂಟೆನೆನ್ಸ್ ₹2,600. ಖಾಲಿ ಮನೆ ಇಟ್ಟುಕೊಂಡು ಕಾಯುವ ಪ್ರತಿ ತಿಂಗಳಿಗೆ ₹32,600. ಆರು ತಿಂಗಳು ಕಾದು ಒಂದು ಲಕ್ಷ ಹೆಚ್ಚಿಗೆ ಪಡೆದರೆ ₹95,600 ಕೈಬಿಟ್ಟ ಹಾಗೆ. ಬಾಡಿಗೆದಾರರನ್ನು ಎಬ್ಬಿಸಲಿಲ್ಲ.

ಕೊಳ್ಳುವವರು ಅದೇ ಸಂಕೀರ್ಣದ ಇನ್ನೊಂದು ಬ್ಲಾಕಿನಲ್ಲಿ ಸಿಕ್ಕಿದರು. ಬೊಮ್ಮಸಂದ್ರದ ಕಾರ್ಖಾನೆಯೊಂದರಲ್ಲಿ ಕೆಲಸ, ₹15,500 ಬಾಡಿಗೆ ಕೊಟ್ಟು ಆರು ವರ್ಷದಿಂದ ಅಲ್ಲೇ ಇದ್ದಾರೆ. ಗೇಟಿನ ಸೆಕ್ಯುರಿಟಿಯವರು ಅವರಿಗೆ ಹೇಳಿದರು, ಬ್ರೋಕರು ನಡುವೆ ಬರಲಿಲ್ಲ. ನಮಗೆ ಹೊರೆಯಾದ ಮನೆ ಅವರಿಗೆ ತಪ್ಪಾದ ಮನೆಯಲ್ಲ. ಕೆಲಸಕ್ಕೆ ಹತ್ತು ನಿಮಿಷ, ಮಕ್ಕಳ ಶಾಲೆ ಪಕ್ಕದಲ್ಲಿ, ಇನ್ನು ಮನೆ ಬದಲಾಯಿಸುವ ಗೋಜಿಲ್ಲ. ಬಾತ್‌ರೂಮಿನ ಕಥೆ ಪೂರ್ತಿ ಹೇಳಿದೆ, ಗಾರೆಯವರ ಬಿಲ್ಲೂ ತೋರಿಸಿದೆ. “ಅದು ಆಗಿರೋದೇ ಒಳ್ಳೇದಾಯ್ತು ಸಾರ್, ನಮ್ಮ ಬ್ಲಾಕಲ್ಲಿ ಇನ್ನೂ ಸೋರ್ತಿದೆ” ಎಂದರು.

ಅವರಿಗಿದ್ದ ಚಿಂತೆ ಬೇರೆ. 2025ರ ಆಗಸ್ಟ್ 31ರಿಂದ ರಾಜ್ಯದಲ್ಲಿ ನೋಂದಣಿ ಶುಲ್ಕ ಶೇ 1ರಿಂದ 2 ಆಗಿದೆ. ಮುದ್ರಾಂಕ, ಸೆಸ್ಸು ಎಲ್ಲ ಸೇರಿ ಅವರು ಕೊಡಬೇಕಾದದ್ದು ಶೇ 7.6. ನಲವತ್ತಾರು ಲಕ್ಷಕ್ಕೆ ₹3,49,600. ಎರಡು ತಿಂಗಳು ಮೊದಲು ಬಂದಿದ್ದರೆ ₹46,000 ಉಳಿಯುತ್ತಿತ್ತು ಎಂದು ಅವರು ಕಾಗದದಲ್ಲಿ ಬರೆದು ನನ್ನ ಮುಂದಿಟ್ಟರು. ಬ್ಯಾಂಕು ಈ ಹಣಕ್ಕೆ ಸಾಲ ಕೊಡುವುದಿಲ್ಲ, ಕೈಯಿಂದಲೇ ಹಾಕಬೇಕು. ಮಾತು ಮುಗಿದದ್ದು ₹45,40,000ಕ್ಕೆ. ನಾವು ₹60,000 ಬಿಟ್ಟೆವು. ದಿನಕ್ಕೆ ₹500ರ ಲೆಕ್ಕದಲ್ಲಿ ಅದು ನಾಲ್ಕು ತಿಂಗಳ ಕಾಯುವಿಕೆ. ಬ್ರೋಕರಿನ ₹46,000 ಉಳಿದದ್ದರಿಂದ, ಸಾಲದ ಬಾಕಿ ಆಗಿನಷ್ಟೇ ಇದೆ ಎಂದು ಹಿಡಿದರೂ ಕೈಗೆ ಬರುವುದು ₹25,50,000. ಮೊದಲ ಅಂದಾಜಿಗಿಂತ ಹದಿನಾಲ್ಕು ಸಾವಿರ ಕಡಿಮೆ.

ಸಾಲ ಇರುವ ಮನೆಯ ಮಾರಾಟದಲ್ಲಿ ಕಾಗದದ ಸರದಿ ಮುಖ್ಯ. ಇ-ಖಾತೆ ಇಲ್ಲದೆ ನೋಂದಣಿ ಆಗುವುದಿಲ್ಲ, ಅದನ್ನು ಮೊದಲು ಮಾಡಿಸಿಕೊಂಡೆವು. ನಮ್ಮ ಬ್ಯಾಂಕಿನಿಂದ ಬಾಕಿಯ ಪತ್ರ, ಅವರ ಬ್ಯಾಂಕಿನಿಂದ ಅಷ್ಟು ಮೊತ್ತದ ಚೆಕ್ಕು ನೇರವಾಗಿ ನಮ್ಮ ಸಾಲದ ಖಾತೆಗೆ, ಉಳಿದದ್ದು ನಮಗೆ. ಸಾಲ ತೀರಿದ 30 ದಿನದೊಳಗೆ ಬ್ಯಾಂಕು ಮೂಲಪತ್ರ ವಾಪಸು ಕೊಡಬೇಕು, ತನ್ನ ಕಡೆಯಿಂದ ತಡವಾದರೆ ದಿನಕ್ಕೆ ₹5,000 ಕೊಡಬೇಕು ಎಂಬ ನಿಯಮ 2023ರ ಡಿಸೆಂಬರ್‌ನಿಂದ ಇದೆ. ಕೇಳದಿದ್ದರೆ ಯಾರೂ ಹೇಳುವುದಿಲ್ಲ, ಹಾಗಾಗಿ ಅರ್ಜಿಯಲ್ಲೇ ಆ ಸಾಲನ್ನು ಬರೆದೆ.

ಜನವರಿಯ ಎರಡನೆಯ ವಾರ ನೋಂದಣಿ. ಬಾಡಿಗೆದಾರರ ದೊಡ್ಡ ಮಗನಿಗೆ ಮಾರ್ಚ್‌ನಲ್ಲಿ ಹತ್ತನೆಯ ತರಗತಿಯ ಪರೀಕ್ಷೆ, ಹೊಸ ಮಾಲೀಕರು ಗೃಹಪ್ರವೇಶ ಮಾಡುವುದು ಏಪ್ರಿಲ್‌ನಲ್ಲಿ. ಅಲ್ಲಿಯವರೆಗೆ ಬಾಡಿಗೆದಾರರು ಅಲ್ಲೇ ಇರಲಿ ಎಂದು ಮೂವರೂ ಕೂತು ಮಾತಾಡಿ ಬರೆದುಕೊಂಡೆವು. ಅವರ ಮುಂಗಡ ₹75,000 ಮೊದಲಿನಿಂದಲೂ ಬೇರೆ ಖಾತೆಯಲ್ಲಿ ಎತ್ತಿಟ್ಟಿದ್ದೆ, ನೋಂದಣಿಯ ದಿನ ಅದು ಹೊಸ ಮಾಲೀಕರ ಹೆಸರಿಗೆ ಹೋಗುತ್ತದೆ. ಬಣ್ಣಕ್ಕೆಂದು ಅದರಲ್ಲಿ ಏನೂ ಹಿಡಿಯುವುದಿಲ್ಲ ಎಂದು ಅವರಿಗೆ ಹೇಳಿದ್ದೇನೆ.